ಯಮನ ಸಾರು

ಸೊಪ್ಪು ಸೋಸಲು ಕೂರುವಾಗ ನೆಲಕ್ಕೆ ಹಳೆಯ ಪೇಪರು ಹಾಸಿಕೊಳ್ಳುವುದು ನನ್ನ ಅಭ್ಯಾಸ. ಹಾಸಿಕೊಂಡ ಮೇಲೆ ಅದನ್ನು ಓದುವುದು ದುರಭ್ಯಾಸ. ಬೆಳಿಗ್ಗೆ ಬಂದ ಹೊಸ ಪೇಪರನ್ನು ನಾನು ಮುಟ್ಟುವುದೇ ಇಲ್ಲ, ಅದು ನಮ್ಮನೆಯವರದು. ಅದೇ ಪೇಪರು ಹದಿನೈದು ದಿನ ಹಳತಾಗಿ, ಅದರ ಮೇಲೆ ಸೊಪ್ಪಿನ ಮಣ್ಣು ಉದುರಿ, ಅಲ್ಲಲ್ಲಿ ಒದ್ದೆಯಾದ ಮೇಲೆ ಒಳಗಿರುವ ಸುದ್ದಿಯೆಲ್ಲ ನನಗೆ ಬಹಳ ಮುಖ್ಯ ಅನ್ನಿಸತೊಡಗುತ್ತದೆ. ಮ್ಯಾಚು ಮುಗಿದು ಎರಡು ವಾರವಾದ ಮೇಲೆ ಅದರಲ್ಲಿ ಯಾರು ಗೆಲ್ಲಬಹುದು ಅನ್ನುವ ಲೇಖನ ಓದುವುದರಲ್ಲಿ ಒಂದು ನೆಮ್ಮದಿ ಇದೆ. ಬೇಕಾದರೆ ನೀವೂ ಓದಿ ನೋಡಿ.

ಆವತ್ತೂ ಹಾಗೆಯೇ ಆಯಿತು. ಚಿಕ್ಕಲಸಂದ್ರದ ನಮ್ಮ ಮನೆಯ ಹಾಲಿನಲ್ಲಿ ಕೂತು ಎರಡು ಕಟ್ಟು ದಂಟಿನ ಸೊಪ್ಪು ಬಿಡಿಸುತ್ತಿದ್ದೆ. ಎದುರಿಗೆ ದಿವಾನದ ಮೇಲೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಸೊಪ್ಪು ಸರಿಸಿದಾಗ ಕೆಳಗಿನಿಂದ ಒಂದು ಬಟ್ಟಲಿನ ಚಿತ್ರ ಎದ್ದು ಬಂತು. ಕೆಂಪು ಸಾರು, ಅದರೊಳಗೆ ಬಾಲ ಎತ್ತಿಕೊಂಡು ಮಲಗಿದ ಮೂರು ಸೀಗಡಿ. ಥಾಯ್ಲೆಂಡಿನ ಈ ಸಾರಿಗೆ ಜಗತ್ತಿನ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿದೆಯಂತೆ. ನದಿ ದಂಡೆಯ ರೈತರ ಮನೆಗಳಲ್ಲಿ ಹುಟ್ಟಿದ ಅಡುಗೆಯಂತೆ. ಈಗ ಆ ದೇಶದವರೆಲ್ಲ ಹೆಮ್ಮೆಯಿಂದ ಬೀಗುತ್ತಿದ್ದಾರಂತೆ. ಕೊನೆಯ ಸಾಲು ಮುಗಿಸಿ ನೋಡಿದರೆ ಬೇರುಗಳೆಲ್ಲ ಪಾತ್ರೆಯಲ್ಲಿ, ಎಳೆಯ ಎಲೆಗಳೆಲ್ಲ ಕಸದ ಮೊರದಲ್ಲಿ ಬಿದ್ದಿದ್ದವು.

"ಅತ್ತೆ, ಕೇಳಿದ್ರಾ? ಒಂದು ಸಾರಿಗೆ ಇಡೀ ಪ್ರಪಂಚದಲ್ಲಿ ಮರ್ಯಾದೆ ಸಿಕ್ಕಿದೆಯಂತೆ" ಎಂದೆ.

"ಯಾವ್ ಸಾರು?"

"ಟಾಮ್ ಯಮ್ ಅಂತ."

"ಯಮನ್ ಸಾರಾ?" ಅತ್ತೆ ಕಣ್ಣು ಬಿಡದೆಯೇ ಅಂದರು. "ಒಂದ್ ಲೋಟ ತರ್ಸವ್ವ. ಕುಡ್ದು ಹೊಂಟೋಗ್ತೀನಿ."

ಮೊದಲಾಗಿದ್ದರೆ ಇಂಥ ಮಾತಿನ ಹಿಂದೆಯೇ ಅವರದೇ ನಗು ಹೊರಡುತ್ತಿತ್ತು, ಮೂರನೆಯ ಮನೆಗೆ ಕೇಳಿಸುವಂಥ ನಗು. ಆವತ್ತು ಅವರು ನಗಲಿಲ್ಲ. ನಾನು ತಲೆ ತಗ್ಗಿಸಿ ಮೊರದಿಂದ ಎಲೆಗಳನ್ನು ಒಂದೊಂದಾಗಿ ಹೆಕ್ಕಿಕೊಂಡೆ.

ವಿಷಯ ಏನೆಂದರೆ, ಮಳೆಗಾಲದ ಕೊನೆಯಲ್ಲಿ ಅತ್ತೆಗೆ ಒಂದು ಜ್ವರ ಬಂದಿತ್ತು. ಜ್ವರ ಒಂದು ವಾರಕ್ಕೆ ಹೋಯಿತು, ಹೋಗುವಾಗ ನಾಲಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಎಂಬತ್ತೆರಡು ವರ್ಷದ ಜೀವ. ಬಾಯಿಗೆ ಇಟ್ಟಿದ್ದೆಲ್ಲ ಸಪ್ಪೆ ಅಂದರೆ ಎಷ್ಟು ತಿಂದಾರು? ನಾಲ್ಕು ತುತ್ತು ತಿಂದು ತಟ್ಟೆ ಸರಿಸುತ್ತಿದ್ದರು. ಕೈಗೆ ಬಿಗಿಯಾಗಿದ್ದ ಬಳೆಗಳು ಎರಡು ತಿಂಗಳಲ್ಲಿ ಮೊಣಕೈವರೆಗೆ ಜಾರತೊಡಗಿದವು. ಪದ್ಮನಾಭನಗರದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ರುಚಿ ವಾಪಸ್ ಬರಬಹುದು ಮೇಡಂ, ಗ್ಯಾರಂಟಿ ಕೊಡಕ್ಕಾಗಲ್ಲ. ಆದ್ರೆ ಊಟ ಮಾತ್ರ ಬಿಡಿಸ್ಬೇಡಿ. ಈ ವಯಸ್ಸಲ್ಲಿ ಊಟ ಬಿಟ್ರೆ ನಾವೇನೂ ಮಾಡಕ್ಕಾಗಲ್ಲ" ಎಂದಿದ್ದರು.

ಆಗ ಅವರೆಕಾಯಿ ಕಾಲ ಶುರುವಾಗಿತ್ತು. ನಮ್ಮನೆಯವರು ಅಮ್ಮನಿಗೆ ಇಷ್ಟ ಅಂತ ಐದು ಕೇಜಿ ತಂದು ಅವರ ಮುಂದೆ ಸುರಿದರು. ಅವರೆಕಾಯಿ ಬಂದಾಗ ಅತ್ತೆ ಮೊದಲು ಮಾಡುವ ಕೆಲಸ ಒಂದು ಕಾಯಿ ಎತ್ತಿ ಮೂಗಿನ ಹತ್ತಿರ ಹಿಡಿದು, "ಸೊಗಡೈತೆ" ಅಥವಾ "ಸೊಗಡಿಲ್ಲ" ಅಂತ ತೀರ್ಪು ಕೊಡುವುದು. ಸೊಗಡಿಲ್ಲದ ಕಾಯಿಯನ್ನು ತಂದವರಿಗೆ ಒಂದು ವಾರ ನೆಮ್ಮದಿ ಇರುತ್ತಿರಲಿಲ್ಲ. ಆವತ್ತೂ ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದರು. ಉಸಿರು ಎಳೆದರು. ಇನ್ನೊಂದು ಎತ್ತಿಕೊಂಡರು. ಆಮೇಲೆ ಎರಡನ್ನೂ ಮೆಲ್ಲಗೆ ರಾಶಿಯೊಳಗೆ ಇಟ್ಟು, ಏನೂ ಹೇಳದೆ ಸುಲಿಯಲು ಶುರು ಮಾಡಿದರು. 

ನಿಮಗೆ ನಮ್ಮ ಅತ್ತೆಯ ಪರಿಚಯ ಇಲ್ಲ, ಅದಕ್ಕೇ ಈ ಸುಮ್ಮನಿರುವಿಕೆ ನಿಮಗೆ ದೊಡ್ಡದಾಗಿ ಕಾಣುತ್ತಿಲ್ಲ. ಮೂವತ್ತೊಂದು ವರ್ಷ ನಾನು ಈ ಮನೆಯಲ್ಲಿ ಅಡುಗೆ ಮಾಡಿದ್ದೇನೆ. ಮೂವತ್ತೊಂದು ವರ್ಷ ಅವರು ಅದರಲ್ಲಿ ತಪ್ಪು ಹುಡುಕಿದ್ದಾರೆ. ಉಪ್ಪು ಕಮ್ಮಿ, ಖಾರ ಜಾಸ್ತಿ ಅನ್ನುವುದೆಲ್ಲ ಸಾಮಾನ್ಯರು ಹುಡುಕುವ ತಪ್ಪು. ನಮ್ಮ ಅತ್ತೆಯದು ಬೇರೆ ದರ್ಜೆ. "ಸುಜಾತಾ, ಈ ಸಾರು ಮಾಡೋವಾಗ ಯಾರ್ ಮೇಲೆ ಕೋಪ ಮಾಡ್ಕೊಂಡಿದ್ದೆ?" ಅನ್ನುತ್ತಿದ್ದರು. "ಬೆಳ್ಳುಳ್ಳಿ ಸುಡು ಅಂದ್ರೆ ಬೆಳ್ಳುಳ್ಳಿಗೆ ಬೆಂಕಿ ತೋರ್ಸಿ ಹೆದ್ರಿಸಿದ್ದೀಯಲ್ಲ" ಅನ್ನುತ್ತಿದ್ದರು. ಅವರ ಬಾಯಿಂದ ನಾನು ಪಡೆದ ಅತಿ ದೊಡ್ಡ ಪದವಿ "ತಿನ್ಬೋದು". ಅದೂ ವರ್ಷಕ್ಕೆ ಒಂದೋ ಎರಡೋ ಸಲ.

ಜ್ವರದ ಮೇಲೆ ಅವರು "ಚೆನ್ನಾಗೈತೆ" ಅನ್ನಲು ಶುರು ಮಾಡಿದರು. ಏನು ಕೊಟ್ಟರೂ "ಚೆನ್ನಾಗೈತೆ ಕಣವ್ವ". ಈ ಒಂದು ಮಾತಿಗೆ ನಾನು ಎಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದೆನೋ, ಅದು ಬಂದಾಗ ನನಗೆ ಭಯವಾಯಿತು. ಒಂದು ದಿನ ಗಡಿಬಿಡಿಯಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ನಮ್ಮನೆಯವರು ಒಂದು ತುತ್ತಿಗೇ ಮುಖ ಕಿವುಚಿದರು. ಅತ್ತೆ ಮಾತ್ರ ಕಲಸಿಕೊಂಡು, "ಚೆನ್ನಾಗೈತೆ" ಎಂದರು. ನಾನು ಉಪ್ಪಿನ ಡಬ್ಬಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಈ ಮನೆಯ ಮುಖ್ಯ ಅಡುಗೆ ಬಸ್ಸಾರು. ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳುತ್ತೇನೆ: ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಅದರ ನೀರು ಬಸಿದು, ಆ ನೀರಿಗೆ ಮಸಾಲೆ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬಸಿದ ಆ ನೀರಿಗೆ ಕಟ್ಟು ಅನ್ನುತ್ತಾರೆ, ಅದೇ ಇದರ ಪ್ರಾಣ. ನಾನು ಮಾಗಡಿ ಕಡೆಯವಳು, ನನ್ನಮ್ಮ ವಾರಕ್ಕೆ ಮೂರು ದಿನ ಬಸ್ಸಾರು ಮಾಡುತ್ತಿದ್ದಳು. ಬಸಿಯುವಾಗ ಏಳುವ ಹಬೆಗೆ ನಾವು ಮಕ್ಕಳೆಲ್ಲ ಮುಖ ಒಡ್ಡಿ ನಿಲ್ಲುತ್ತಿದ್ದೆವು. ಹಬೆಗೆ ನಿಂತರೆ ಮುಖ ಬೆಳ್ಳಗಾಗುತ್ತದೆ ಅಂತ ನಮ್ಮಕ್ಕ ನಂಬಿಸಿದ್ದಳು. ನನ್ನ ಮುಖ ನೋಡಿದವರಿಗೆ ಅದು ಸುಳ್ಳು ಅಂತ ಈಗಲೂ ಗೊತ್ತಾಗುತ್ತದೆ.

ಅಂಥ ನಾನು, ಮದುವೆಯಾಗಿ ಬಂದ ಮೂರನೆಯ ದಿನ, ಈ ಮನೆಯಲ್ಲಿ ಮೊದಲ ಬಸ್ಸಾರಿಗೆ ನಿಂತೆ. ಇವರ ಅಡುಗೆಮನೆಯಲ್ಲಿ ಹೊಸದಾಗಿ ಸ್ಟೀಲಿನ ಸಿಂಕು ಕೂರಿಸಿದ್ದರು. ನಮ್ಮೂರಲ್ಲಿ ನಾನು ಸಿಂಕು ನೋಡಿರಲಿಲ್ಲ. ಅದರ ಹೊಳಪಿಗೇ ಮರುಳಾಗಿ, ಜರಡಿಯನ್ನು ಸಿಂಕಿನಲ್ಲಿಟ್ಟು ಬೆಂದ ಸೊಪ್ಪನ್ನು ಅದರ ಮೇಲೆ ಬಗ್ಗಿಸಿದೆ. ಗುಳುಗುಳು ಅಂತ ಕಟ್ಟೆಲ್ಲ ಪೈಪಿನೊಳಗೆ ಇಳಿದುಹೋಯಿತು. ಕೆಳಗೆ ಪಾತ್ರೆ ಇಟ್ಟಿಲ್ಲ ಅನ್ನುವುದು ನನಗೆ ಹೊಳೆದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಸಿಂಕು ನೋಡಿದರು, ನನ್ನನ್ನು ನೋಡಿದರು. "ಪಲ್ಯ ನಮಗೆ, ಸಾರು ಉತ್ತರಹಳ್ಳಿ ಕೆರೆಗೆ. ಮೀನುಗಳಾದ್ರೂ ನಿನ್ ಹೆಸ್ರು ಹೇಳ್ಕೊಂಡು ಉಣ್ಲಿ ಬಿಡು" ಎಂದರು. ಆ ಕಥೆ ನಮ್ಮ ನೆಂಟರಿಷ್ಟರಲ್ಲಿ ಗೊತ್ತಿಲ್ಲದವರೇ ಇಲ್ಲ. ನನ್ನ ಸೀಮಂತದಲ್ಲಿ ಒಮ್ಮೆ, ಬಾಡಿಗೆಗೆ ಅಂತ ಕಟ್ಟಿಸಿದ ಮೇಲಿನ ಮನೆಯ ಗೃಹಪ್ರವೇಶದಲ್ಲಿ ಮೈಕಿನ ಪಕ್ಕದಲ್ಲಿ ಒಮ್ಮೆ ಹೇಳಿದ್ದಾರೆ.

ಮತ್ತೆ ಪೇಪರಿಗೆ ಬರೋಣ. ಅದರಲ್ಲಿ "ಸಾಫ್ಟ್ ಪವರ್" ಅಂತ ಒಂದು ಮಾತಿತ್ತು. ಆ ದೇಶ ಊಟ ಹಾಕಿಯೇ ಪ್ರಪಂಚದ ಮನಸ್ಸು ಗೆಲ್ಲುತ್ತಿದೆ ಅಂತ ಬರೆದಿದ್ದರು. ಹಾಗಂದರೇನು ಅಂತ ನಮ್ಮನೆಯವರನ್ನು ಕೇಳಿದೆ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, "ತೋಪು ತುಪಾಕಿ ಇಲ್ದೆ, ಜಗಳ ಆಡ್ದೆ, ಅವರಾಗೇ ನಮ್ ಕಡೆ ಬರೋ ಹಂಗೆ ಮಾಡೋದು" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಾನು ಮೂವತ್ತೊಂದು ವರ್ಷದಿಂದ ಯಾರ ರಾಜ್ಯದಲ್ಲಿ ಇದ್ದೇನೆ ಅಂತ ಆಗ ಗೊತ್ತಾಯಿತು.

ನಮ್ಮ ಮಾವನ ಕಾಲದಲ್ಲಿ ಇಲ್ಲೆಲ್ಲ ರಾಗಿ ಹೊಲ. ಲೇಔಟು ಬರುವಾಗ ಅಳತೆ ಮಾಡಲು ಒಬ್ಬ ಸರ್ವೇಯರ್ ಬಂದಿದ್ದನಂತೆ. ಭಾರೀ ಗತ್ತಿನವನು, ಊರವರ ಜೊತೆ ಮಾತೇ ಆಡುತ್ತಿರಲಿಲ್ಲವಂತೆ. ಮಧ್ಯಾಹ್ನದ ಬಿಸಿಲಿಗೆ ಸುಸ್ತಾಗಿ ಜಗಲಿಯ ಮೇಲೆ ಕೂತವನಿಗೆ ಅತ್ತೆ ಮುದ್ದೆ, ಬಸ್ಸಾರು ಕೊಟ್ಟರು. ಮರುದಿನ ಅವನು ಒಂದೂವರೆ ಗಂಟೆಗೆ ಸರಿಯಾಗಿ ಚೈನು ಎಳೆದುಕೊಂಡು ನಮ್ಮ ಜಗಲಿಯ ಹತ್ತಿರವೇ ಬಂದ. ಅದರ ಮರುದಿನವೂ ಬಂದ. ಅಳತೆಯಲ್ಲಿ ಒಂದು ಅಡಿಯೂ ಆಚೀಚೆ ಆಗಲಿಲ್ಲ, ಅದನ್ನು ಅತ್ತೆ ಕೇಳಲೂ ಇಲ್ಲ. ಆದರೆ ನಾಲ್ಕು ದಿನದ ಅಳತೆ ಮುಗಿಯಲು ಹನ್ನೊಂದು ದಿನ ಹಿಡಿಯಿತು.

ಬಾಡಿಗೆಗೆ ಮನೆ ಕೇಳಿಕೊಂಡು ಬಂದವರ ಕಥೆಯೂ ಇದೇ. ನಾವು ಆಧಾರ್ ಕಾರ್ಡು ಕೇಳುವ ಮೊದಲೇ ಅತ್ತೆ ಒಂದು ಬಟ್ಟಲು ಬಸ್ಸಾರು ತಂದು ಮುಂದಿಡುತ್ತಾರೆ. ಅವರು ಹೇಗೆ ಕುಡಿಯುತ್ತಾರೆ ಅಂತ ನೋಡುತ್ತಾರೆ. ಮೂಗು ಮುರಿದವರಿಗೆ "ಮನೆ ಮಾತಾಗ್ಬಿಟ್ಟೈತಲ್ಲಪ್ಪ" ಅಂದುಬಿಡುತ್ತಾರೆ. ನಾವು ಗಂಡ ಹೆಂಡತಿ ಎಷ್ಟೋ ಒಳ್ಳೆಯ ಬಾಡಿಗೆದಾರರನ್ನು ಹೀಗೆ ಕಳೆದುಕೊಂಡಿದ್ದೇವೆ. ಆದರೆ ಉಳಿದವರು ಒಬ್ಬರೂ ಮನೆ ಬಿಡುವ ಮಾತೆತ್ತಿಲ್ಲ.

ಮತ್ತೆ ಮೊದಲು ಸೋತ ಸಂಸ್ಥಾನ ನಾನೇ. ಮದುವೆಯಾಗಿ ಎರಡು ವರ್ಷಕ್ಕೆ ತವರಿಗೆ ಹೋದಾಗ ಅಮ್ಮನ ಬಸ್ಸಾರು ನನ್ನ ನಾಲಗೆಗೆ ಏನೋ ಕಮ್ಮಿ ಅನ್ನಿಸಿತು. ನಾನು ಬಾಯಿ ಬಿಟ್ಟು ಹೇಳಲಿಲ್ಲ. ಆದರೂ ಅಮ್ಮ ನನ್ನ ಮುಖ ನೋಡಿ, "ನಿಂಗೆ ಅತ್ತೆ ಮನೆ ಸಾರು ಹತ್ಬಿಡ್ತು ಕಣೆ" ಅಂದು ಸುಮ್ಮನೆ ನಕ್ಕಳು. ಅಮ್ಮ ಮೆಣಸು ಮುಂದೆ ಮಾಡಿ ರುಬ್ಬುತ್ತಿದ್ದಳು. ಅತ್ತೆ ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟು ರುಬ್ಬುತ್ತಾರೆ. ಅಷ್ಟೇ ವ್ಯತ್ಯಾಸ. ಆ ನಗು ನೆನಪಾದರೆ ಈಗಲೂ ನನಗೆ ಒಂದು ಥರ ಆಗುತ್ತದೆ.

"ನಮ್ ಬಸ್ಸಾರಿಗೂ ಒಂದು ಅರ್ಜಿ ಹಾಕೋಣ ಕಣ್ರಿ" ಎಂದೆ ನಮ್ಮನೆಯವರಿಗೆ. ಹೇಳಿದ ಮೇಲೆ ನನಗೇ ಕಷ್ಟ ಗೊತ್ತಾಯಿತು. ಅರ್ಜಿ ಹಾಕಬೇಕಾದರೆ ಮೊದಲು ಬಸ್ಸಾರು ಯಾವುದು ಅಂತ ತೀರ್ಮಾನವಾಗಬೇಕು. ಕಾಯಿ ಹಾಕಬೇಕೋ ಬೇಡವೋ ಅನ್ನುವುದಕ್ಕೇ ನಮ್ಮ ಬೀದಿಯಲ್ಲಿ ಎರಡು ಮನೆಗಳು ಮಾತು ಬಿಟ್ಟಿವೆ. ಮಂಡ್ಯದವರು ಬಂದು ನಮ್ಮದೇ ಮೂಲ ಅನ್ನುತ್ತಾರೆ. ನಮ್ಮಕ್ಕ ಮಾಗಡಿಯಿಂದ ಬಸ್ಸು ಹತ್ತಿ ಬಂದುಬಿಡುತ್ತಾಳೆ. ಪಟ್ಟಿಯಲ್ಲಿ ಜಾಗ ಸಿಗುವ ಹೊತ್ತಿಗೆ ನಾವೆಲ್ಲ ಪೊಲೀಸ್ ಸ್ಟೇಷನ್ನಿನಲ್ಲಿ ಇರುತ್ತೇವೆ.

ಹೀಗೆ ನಾನು ಬಾಯಿಗೆ ಬಂದದ್ದು ಆಡುತ್ತಿದ್ದಾಗ ಬಾಗಿಲಲ್ಲಿ "ಆಂಟಿ, ಊಟ ಆಯ್ತಾ?" ಅಂತ ಧ್ವನಿ ಕೇಳಿಸಿತು. ಮೇಲಿನ ಮನೆಯ ಥಾಯ್ ಹುಡುಗಿ. ಜಯನಗರದ ಕಡೆ ಒಂದು ಕಾಲೇಜಿನಲ್ಲಿ ಓದುತ್ತಾಳೆ, ನಮ್ಮಲ್ಲಿಗೆ ಬಂದು ಎರಡು ವರ್ಷವಾಯಿತು. ಹೆಸರು ಪ್ಲೊಯ್. ಅವರ ಭಾಷೆಯಲ್ಲಿ ಹಾಗಂದರೆ ಹರಳು ಅಂತೆ. ಬಸ್ಸಾರು ಪರೀಕ್ಷೆಯ ದಿನವೇ ಅತ್ತೆಯ ಬಾಯಲ್ಲಿ ಅದು "ಪಲ್ಯ" ಆಯಿತು. ಆಮೇಲೆ ಒಂದು ದಿನ ನಮ್ಮ ತಟ್ಟೆಯಲ್ಲಿ ಹುರುಳಿಕಾಯಿ ಪಲ್ಯ ನೋಡಿ, ಅದರ ಹೆಸರು ಕೇಳಿ ತಿಳಿದುಕೊಂಡು, ತನ್ನ ಎದೆಗೆ ಬೆರಳು ತೋರಿಸಿಕೊಂಡು "ನಾನು?" ಅಂದಿದ್ದಳು. ಅವಳೂ ಅತ್ತೆಯೂ ಸೇರಿ ನಕ್ಕ ನಗುವಿಗೆ ನಮ್ಮನೆಯವರು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದಿದ್ದರು.

ಅವಳು ಕಲಿತ ಮೊದಲ ಕನ್ನಡ "ಊಟ ಆಯ್ತಾ". ನಾವು ಕಲಿಸಬೇಕಾಗಿಯೇ ಬರಲಿಲ್ಲ. ಅವರ ಊರಲ್ಲೂ ಎದುರಿಗೆ ಸಿಕ್ಕವರನ್ನು "ಕಿನ್ ಖಾವ್ ರೆ ಯಂಗ್" ಅಂತ ಕೇಳುತ್ತಾರಂತೆ. ಅನ್ನ ತಿಂದೆಯಾ ಅಂತ ಅರ್ಥ. ನನ್ನ ಇಂಗ್ಲಿಷೂ ಅವಳ ಇಂಗ್ಲಿಷೂ ಒಂದೇ ಮಟ್ಟದವು, ಹಾಗಾಗಿ ನಮಗೆ ಪರಸ್ಪರ ಎಲ್ಲ ಅರ್ಥವಾಗುತ್ತದೆ. ಚೆನ್ನಾಗಿ ಇಂಗ್ಲಿಷ್ ಬರುವ ನಮ್ಮನೆಯವರಿಗೆ ನಮ್ಮಿಬ್ಬರದೂ ಅರ್ಥವಾಗುವುದಿಲ್ಲ.

ನಾನು ಪೇಪರು ತೋರಿಸಿದೆ. ಸಂತೋಷಪಡುತ್ತಾಳೆ ಅಂದುಕೊಂಡರೆ ಹುಡುಗಿ ಚಿತ್ರ ನೋಡಿ ಹುಬ್ಬು ಗಂಟಿಕ್ಕಿದಳು. "ಆಂಟಿ, ಇದು ಹಾಲು ಹಾಕಿದ್ದು. ಹೋಟೆಲ್ ಸ್ಟೈಲ್. ನಮ್ಮಮ್ಮ ಹಾಲು ಹಾಕಲ್ಲ. ಕ್ಲಿಯರ್ ಸೂಪ್. ದಟ್ ಈಸ್ ರಿಯಲ್" ಎಂದಳು. ನನಗೆ ಅವಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಇಡೀ ಪ್ರಪಂಚ ಎದ್ದು ನಿಂತು ಚಪ್ಪಾಳೆ ತಟ್ಟಿದರೂ ಅವರ ಬೀದಿಯ ಜಗಳ ಇನ್ನೂ ಮುಗಿದಿಲ್ಲವಲ್ಲ! ಟಾಮ್ ಅಂದರೆ ಕುದಿಸುವುದು, ಯಮ್ ಅಂದರೆ ಹುಳಿಖಾರ ಬೆರೆಸುವುದು ಅಂತಲೂ ಹೇಳಿದಳು. ಬಸಿದು ಮಾಡಿದ್ದು ಬಸ್ಸಾರು ಅನ್ನುವ ಹಾಗೆಯೇ ಅವರೂ ಮಾಡುವ ಕೆಲಸವನ್ನೇ ಹೆಸರು ಮಾಡಿಕೊಂಡಿದ್ದಾರೆ.

ಅವಳು ದಿವಾನದ ಕಡೆ ನೋಡಿ, "ಅಜ್ಜಿ ಊಟ ಆಯ್ತಾ?" ಎಂದಳು.

"ಎಲ್ಲಿ ಊಟ. ನಾಲ್ಕು ತುತ್ತು" ಎಂದೆ. ರುಚಿಯ ವಿಷಯ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಅತ್ತೆಯ ಮೊಣಕೈಯಲ್ಲಿದ್ದ ಬಳೆ ನೋಡಿದಳು. "ಸಂಡೇ ನಾನು ಮಾಡ್ತೀನಿ. ಅಜ್ಜಿಗೆ" ಎಂದಳು. ಶನಿವಾರ ಬಿಡುವಿತ್ತು, ಆದರೆ ಶನಿವಾರ ನಮ್ಮ ಒಲೆಯ ಮೇಲೆ ಮೀನು ಮಾಂಸ ಏರುವುದಿಲ್ಲ ಅಂತ ಅವಳಿಗೆ ಗೊತ್ತು.

ಸಾಮಾನು ಹುಡುಕುವುದೇ ಒಂದು ಕಥೆ. ಅವಳು ಫೋನಿನಲ್ಲಿ ಒಂದು ಹುಲ್ಲು ತೋರಿಸಿ, ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತಾ ಅಂತ ಕೇಳಿದಳು. ನಾನು ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಪೊದೆ ಬೆಳೆದು ನಿಂತಿದ್ದ, ನಿಂಬೆ ವಾಸನೆಯ ಮಜ್ಜಿಗೆ ಹುಲ್ಲು ಅದೇ! ಎರಡು ವರ್ಷ ಅವಳು ಅದರ ಪಕ್ಕದಲ್ಲೇ ಬಟ್ಟೆ ಒಗೆದಿದ್ದಾಳೆ. ಒಂದು ಗರಿ ಕಿತ್ತು ಹಿಸುಕಿ ಮೂಸಿದ ಹುಡುಗಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಮನೆ ನೆನಪಾಯಿತು ಅಂತ ಕಾಣುತ್ತದೆ. ನಾನು ಬಟ್ಟೆ ತೆಗೆಯುವವಳಂತೆ ಆಚೆ ತಿರುಗಿದೆ.

ಅವರು ಹಾಕುವ ನಿಂಬೆ ಜಾತಿಯ ಎಲೆ ಇಲ್ಲಿ ಸಿಗಲಿಲ್ಲ. ಹಿಂದಿನ ಮನೆಯ ಹೆರಳೆಕಾಯಿ ಗಿಡದ ಎಲೆ ತಂದುಕೊಟ್ಟೆ. ಹರಿದು ಮೂಸಿ, "ಕಸಿನ್" ಅಂದಳು. ಇನ್ನು ಶುಂಠಿಯ ಥರದ ಒಂದು ಬೇರು ಬೇಕು, ಆದರೆ ಶುಂಠಿ ಅಲ್ಲ. ಅದರ ಚಿತ್ರ ಹಿಡಿದುಕೊಂಡು ಇಬ್ಬರೂ ಜಯನಗರದ ಒಂದು ಗ್ರಂಥಿಗೆ ಅಂಗಡಿಗೆ ಹೋದೆವು. ಬೇರು, ತೊಗಟೆ, ಪೂಜೆ ಸಾಮಾನು ಎಲ್ಲ ಮಾರುವ ಅಂಗಡಿ. ಅಂಗಡಿಯವರು ಫೋನನ್ನು ದೂರ ಹಿಡಿದು ನೋಡಿ, "ಓ, ದುಂಪರಾಸ್ಮೆ. ಯಾರಿಗೆ ಮೇಡಂ ಕೆಮ್ಮು?" ಎಂದರು.

"ಕೆಮ್ಮಿಗಲ್ಲ. ಸಾರಿಗೆ."

"ಸಾರಿಗಾ? ಕಷಾಯಕ್ಕೆ ಹಾಕ್ತಾರೆ ಮೇಡಂ ಇದನ್ನ, ಸಾರಿಗೆ ಯಾರೂ ಹಾಕಲ್ಲ."

"ಇವರ ದೇಶದಲ್ಲಿ ಹಾಕ್ತಾರೆ. ಪ್ರಪಂಚದ ಪಟ್ಟಿಯಲ್ಲೇ ಸೇರಿದೆ" ಎಂದೆ ನಾನು. ಆ ದೇಶದ ರಾಯಭಾರಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ.

ಅವರು ಒಣಗಿದ ನಾಲ್ಕು ತುಂಡು ಪೊಟ್ಟಣ ಕಟ್ಟಿ ಕೊಡುತ್ತ, "ಹೋಗ್ಲಿ, ಸಾರೂ ಆಗತ್ತೆ, ಕೆಮ್ಮೂ ಹೋಗತ್ತೆ" ಎಂದರು. ಬರುವಾಗ ತಿಲಕ್ ನಗರದಲ್ಲಿ ಇಳಿದು ಸೀಗಡಿ ತಂದೆವು.

ಭಾನುವಾರ ನನ್ನ ಅಡುಗೆಮನೆಯಲ್ಲಿ ನಾನೇ ಕೈಯಾಳು. ಅವಳು ಮೇಲಿನಿಂದ ಮೂರು ಕವರುಗಳಲ್ಲಿ ಸುತ್ತಿದ ಒಂದು ಬಾಟಲಿ ತಂದಳು. ಮೀನು ಕೊಳೆಹಾಕಿ ತೆಗೆದ ಉಪ್ಪುನೀರು. ವಾಸನೆಗೆ ನಾವು ಮನೆ ಬಿಡಿಸಿಬಿಡುತ್ತೇವೆ ಅಂತ ಹೆದರಿ ಎರಡು ವರ್ಷದಿಂದ ಕಿಟಕಿ ಮುಚ್ಚಿಕೊಂಡು ಬಳಸುತ್ತಿದ್ದಳಂತೆ. ಮುಚ್ಚಳ ತೆಗೆದದ್ದೇ ತಡ, ಹಾಲಿನಿಂದ ನಮ್ಮನೆಯವರ ಧ್ವನಿ ಬಂತು: "ಸುಜಾತಾ, ಮೋರಿ ಕಟ್ಕೊಂಡಿದೆ ಅನ್ಸುತ್ತೆ. ಯಾರಿಗಾದ್ರೂ ಫೋನ್ ಮಾಡ್ಲಾ?" ನಾವಿಬ್ಬರೂ ಬಾಯಿಗೆ ಸೆರಗು, ದುಪಟ್ಟಾ ತುರುಕಿಕೊಂಡು ನಕ್ಕೆವು. ಇಣುಕಿ ನೋಡಿದೆ. ನಮ್ಮನೆಯವರು ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯುತ್ತಿದ್ದರು. ಪಕ್ಕದಲ್ಲೇ ಕೂತ ಅತ್ತೆಗೆ ಏನೂ ತಿಳಿಯದೆ, "ಏನ್ಲಾ ಆಯ್ತು ನಿಂಗೆ?" ಅಂತ ಮಗನನ್ನು ಕೇಳುತ್ತಿದ್ದರು. ನನ್ನ ನಗು ಅಲ್ಲಿಗೇ ನಿಂತಿತು.

ಪ್ಲೊಯ್ ಸೀಗಡಿ ತಲೆಗಳನ್ನು ಕುದಿಸಿದಳು. ಹುಲ್ಲನ್ನು ಜಜ್ಜಿ ಹಾಕಿದಳು. ನೆನೆಹಾಕಿದ್ದ ದುಂಪರಾಸ್ಮೆ, ಹರಿದ ಹೆರಳೆ ಎಲೆ, ಜಜ್ಜಿದ ಸೂಜಿ ಮೆಣಸಿನಕಾಯಿ ಎಲ್ಲ ಬಿದ್ದವು. ಒಲೆ ಆರಿಸಿದ ಮೇಲೆ ಆರು ನಿಂಬೆಹಣ್ಣು ಹಿಂಡಿದಳು. ಆರು! ಹೊಟ್ಟೆ ಹಾಳಾಗುತ್ತದೆ ಕಣೆ ಅಂತ ಹೇಳಬೇಕು ಅನ್ನಿಸಿತು. ರುಬ್ಬುವುದಿಲ್ಲ, ಒಗ್ಗರಣೆ ಇಲ್ಲ, ಬೇಳೆ ಇಲ್ಲ. ಇದನ್ನು ಯಾವ ಬಾಯಿಂದ ಸಾರು ಅನ್ನುವುದು ಅಂತ ನನ್ನೊಳಗಿನ ಮಾಗಡಿ ಗೊಣಗುತ್ತಲೇ ಇತ್ತು.

ಅವಳು ದಿವಾನದ ಮುಂದೆ ಮಂಡಿಯೂರಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದಳು. ದೊಡ್ಡವರಿಗೆ ಹಾಗೆಯೇ ಕೊಡಬೇಕಂತೆ.

"ಏನೇ ಪಲ್ಯಾ ಇದು?"

"ಟಾಮ್ ಯಮ್, ಅಜ್ಜಿ."

"ಓ, ಬಂದ್ನಾ ಅವ್ನು" ಎಂದರು ಅತ್ತೆ.

"ಬಿಡ್ತು ಅನ್ನಿ ಅತ್ತೆ. ಅವರ ಕಡೆ ರೈತರ ಮನೆ ಸಾರಂತೆ ಅದು" ಎಂದೆ.

"ರೈತ್ರದಾ? ಕೊಡು ಮತ್ತೆ."

ಮೊದಲ ಚಮಚ ಕುಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. "ಬಿಸಿ ಐತೆ" ಅಂದರು, ಅಷ್ಟೇ. ಎರಡನೆಯದು ಕುಡಿದರು. "ಚೆನ್ನಾಗೈತೆ ಕಣವ್ವ" ಅಂದರು. ನಾನು ನಮ್ಮನೆಯವರ ಮುಖ ನೋಡಿದೆ. ಪ್ಲೊಯ್ ಮಾತ್ರ ಅರ್ಥ ತಿಳಿದು ಅರಳಿ ಕೂತಳು. ಚೆನ್ನಾಗಿದೆ ಅನ್ನುವ ಮಾತಿಗೆ ನಮ್ಮ ಮನೆಯಲ್ಲಿ ಯಾವ ಅರ್ಥ ಬಂದಿದೆ ಅಂತ ಅವಳಿಗೆ ಹೇಗೆ ಹೇಳಲಿ?

ಮೂರನೆಯ ಚಮಚಕ್ಕೆ ಅತ್ತೆ ಕೆಮ್ಮಿದರು. ಕಣ್ಣಲ್ಲಿ ನೀರು ಬಂತು, ಮೂಗಲ್ಲಿ ನೀರು ಬಂತು. ಸೂಜಿ ಮೆಣಸಿನಕಾಯಿ ನೆತ್ತಿಗೆ ಹತ್ತಿತ್ತು. ನಾನು ನೀರಿನ ಚೊಂಬು ಹಿಡಿದು ಓಡಿದರೆ, ಕೈ ಅಡ್ಡ ಹಿಡಿದು ತಡೆದರು. ಸೆರಗಿನಿಂದ ಮೂಗು ಒರೆಸಿಕೊಂಡರು. ಬಟ್ಟಲನ್ನು ತಾವೇ ಎತ್ತಿ ತುಟಿಗೆ ಇಟ್ಟು ಒಂದು ಗುಟುಕು ಎಳೆದು, ಬಾಯಲ್ಲೇ ಇಟ್ಟುಕೊಂಡು ಕೂತರು. ನಮ್ಮನೆಯವರು ಕೈಯಲ್ಲಿದ್ದ ಪೇಪರು ಕೆಳಗಿಟ್ಟರು.

"ಹುಳಿ" ಎಂದರು ಅತ್ತೆ.

ಎರಡು ತಿಂಗಳಲ್ಲಿ ಅವರ ಬಾಯಿಂದ ಬಂದ ಮೊದಲ ರುಚಿಯ ಹೆಸರು. ರುಚಿ ಬರುವ ಹೊತ್ತಿಗೆ ತಾನೇ ಬಂದಿದೆ, ಸಾರಿನಿಂದ ಏನಲ್ಲ ಅಂತ ನಮ್ಮನೆಯವರು ಈಗ ವಾದ ಮಾಡುತ್ತಾರೆ. ಇರಬಹುದು. ಆಗ ಮಾತ್ರ ಅವರೇ ಮೊದಲು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡವರು.

"ಏನ್ ಪಲ್ಯಾ," ಅತ್ತೆ ಇನ್ನೊಂದು ಗುಟುಕು ಎಳೆದು ಶುರು ಮಾಡಿದರು. "ಹುಳಿ ಒಂದೇ ಮುಂದೆ ಬಂದು ನಿಂತೈತಲ್ಲ, ಉಪ್ಪು ಎಲ್ಲೋಯ್ತು? ಆರ್ ನಿಂಬೆಹಣ್ಣು ಹಿಂಡಿದ್ಯಾ ಹೆಂಗೆ? ಇದೇನಿದು ಕಡ್ಡಿ? ಮಜ್ಜಿಗೆ ಹುಲ್ಲಾ? ಸಾರ್ ಕುಡಿಯಕ್ಕೆ ಕೂರ್ಸಿದ್ಯೋ, ಮೇಯಕ್ಕೆ ಬಿಟ್ಟಿದ್ಯೋ?"

ಹುಡುಗಿಯ ಮುಖ ಬಾಡಿಹೋಯಿತು. "ಆಂಟಿ, ಅಜ್ಜಿ ಆಂಗ್ರಿ?" ಅಂತ ನನ್ನ ಕಡೆ ನೋಡಿದಳು. ನಾನು ಅಳುತ್ತಲೂ ನಗುತ್ತಲೂ, "ನೋ ಆಂಗ್ರಿ ಪುಟ್ಟ, ವೆರಿ ವೆರಿ ಹ್ಯಾಪಿ" ಅಂತ ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಆ ದೇಶದವರಿಗೆ ಕೊಟ್ಟ ಮನ್ನಣೆಯ ಪತ್ರದಲ್ಲಿ ಎಲ್ಲಾದರೂ ಒಂದಿಷ್ಟು ಜಾಗ ಉಳಿದಿದ್ದರೆ ನನ್ನದೂ ಒಂದು ಸಹಿ ಹಾಕಿಸಿಕೊಳ್ಳಲಿ.

ಅತ್ತೆ ಬೈಯುತ್ತ ಬೈಯುತ್ತ ಬಟ್ಟಲು ಖಾಲಿ ಮಾಡಿದರು. ಸೀಗಡಿ ಬೆಂದದ್ದು ಹೆಚ್ಚಾಯಿತು ಅಂದರು. ಅಣಬೆ ಯಾಕೆ ಹಾಕಲಿಲ್ಲ ಅಂದರು. ಇನ್ನರ್ಧ ಬಟ್ಟಲು ಹಾಕಿಸಿಕೊಂಡು ಅದಕ್ಕೂ ಬೈದರು. ನಿಜ ಹೇಳಿಬಿಡುತ್ತೇನೆ, ನಿಮ್ಮ ಹತ್ತಿರ ಏನು ಮುಚ್ಚುಮರೆ. ಪಕ್ಕದಲ್ಲಿ ನಿಂತು ಕೇಳುತ್ತಿದ್ದ ನನಗೆ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು. ಆ ಬೈಗುಳವೆಲ್ಲ ನನ್ನದು. ಮೂವತ್ತೊಂದು ವರ್ಷ ಬೆಂಕಿಯ ಮುಂದೆ ನಿಂತು ಸಂಪಾದಿಸಿಕೊಂಡದ್ದು. ನೆನ್ನೆ ಮೊನ್ನೆ ಬಂದವಳು ಒಂದೇ ಬಟ್ಟಲಿಗೆ ಎಲ್ಲವನ್ನೂ ಬಾಚಿಕೊಂಡು ಕೂತಿದ್ದಾಳೆ.

ಅತ್ತೆ ಬಟ್ಟಲು ಕೆಳಗಿಟ್ಟು, ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿದರು.

"ನೀನ್ಯಾಕೆ ಹಿಂಗ್ ನಿಂತಿದ್ದೀಯ? ನಾಳೆ ಬಸ್ಸಾರು ಮಾಡು. ಎಷ್ಟು ಕೆಡಿಸ್ತೀಯೋ ನೋಡಾನ."